ಅತ್ತೆ ಕಾರು ಹತ್ತಿದ್ದು

ಎಲ್ಲೇ ಗ್ರೀಸಿನ ವಾಸನೆ ಬಂದರೂ ನನಗೆ ಮೊದಲು ನೆನಪಾಗುವುದು ಮಲ್ಲಿಗೆ.

ದೊಡ್ಡಬಳ್ಳಾಪುರದ ನಮ್ಮ ಮನೆ ಮುಂದೆ ಮೇಸ್ತ್ರಿ, ಅಪ್ಪನ ಹಳೇ ಕಾರಿನ ಕುಸಿದ ಹಿಂಭಾಗಕ್ಕೆ ಭಾರ ಹೊರುವ ಹೊಸ ಕಮಾನು ಪಟ್ಟಾ ಕೂರಿಸಿ, "ಭಾರ ಹಾಕಿ ನೋಡ್ಬೇಕು ಸಾರ್" ಅಂದರು. ಅಪ್ಪ ನನ್ನತ್ತ ತಿರುಗಿ, "ಹೋಗಿ ಅತ್ತೇನ ಕರ್ಕೊಂಡ್ ಬಾ" ಎಂದರು.

ಪಕ್ಕದ ಬೀದಿಯಲ್ಲಿದ್ದ ಅತ್ತೆ, ಅಪ್ಪನ ಅಕ್ಕ, ತುಂಬಾ ದಪ್ಪ. ಆ ಕಾರನ್ನು ಒಮ್ಮೆಯೂ ಹತ್ತಿರಲಿಲ್ಲ. "ಕಾರಲ್ಲಿ ಕೂತ್ಕೋಬೇಕಂತೆ" ಎಂದೆ, ಅಷ್ಟೇ. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದರು. ಹಿಂದಿನ ಸೀಟಿನಲ್ಲಿ ಕೂತು, "ಎಲ್ಲಿಗಪ್ಪಾ?" ಎಂದರು.

ಅಪ್ಪ ಬಗ್ಗಿ ಚಕ್ರದ ಮೇಲಿನ ಸಂದನ್ನೇ ನೋಡುತ್ತಿದ್ದರು.

"ಅಮ್ಮೋರು ಕೂತ್ರೂ ತಡ್ಕಂತು ಸಾರ್!" ಎಂದರು ಮೇಸ್ತ್ರಿ. ಬೀದಿಯೆಲ್ಲ ನಕ್ಕಿತು. ನಾನೂ ನಕ್ಕೆ.

"ಸಾಕು ಇಳಿಯಕ್ಕ" ಎಂದರು ಅಪ್ಪ.

"ಒಳ್ಳೇದಾಯ್ತು ಬಿಡು, ಒಲೆ ಮೇಲೆ ಸಾರಿಟ್ಟು ಬಂದಿದ್ದೆ" ಎನ್ನುತ್ತ ಅತ್ತೆ ಇಳಿದರು.

ಅವರು ಒಲೆ ಆರಿಸಿ, ಮನೆಗೆ ಬೀಗ ಹಾಕಿಕೊಂಡು ಬಂದದ್ದು ನನ್ನ ಕಣ್ಣೆದುರೇ.