ಮಗೂದು ಉತ್ರ

"ಪಾಪಗಳ ಕ್ಷಮೆಯನ್ನ ನಂಬ್ತೀಯಾ?" ಅಂತ ಫಾದರ್ ಎರಡನೇ ಸಲ ಕೇಳಿದ್ರು. ಜ್ಞಾನಸ್ನಾನದಲ್ಲಿ ಮಗು ಪರವಾಗಿ ಜ್ಞಾನತಾಯಿನೇ ಉತ್ರ ಹೇಳ್ಬೇಕು. ತಂಗಿ ಮಗೂನ ಎತ್ಕೊಂಡಿದ್ದ ಆರೋಗ್ಯಮ್ಮ ಅದ್ರ ಬಟ್ಟೆನೇ ನೋಡ್ತಿದ್ಲು. ಮಗೂಗೆ ಸುತ್ತಿದ್ದ ಬಿಳಿ ಬಟ್ಟೆ ಅಂಚಲ್ಲಿ ನೀಲಿ ದಾರದ ಪುಟ್ಟ ಶಿಲುಬೆಗಳಿದ್ವು. ಆ ಕಸೂತಿ ಹಾಕಿದ್ದು ಅವಳೇ, ತನ್ನ ಮದ್ವೆ ಸೀರೆಗೆ ಅಂತ.

ಮೈಸೂರಿನ ಟೀಬಿ ಆಸ್ಪತ್ರೆಲಿ ಆರೋಗ್ಯಮ್ಮ ಮಲಗಿದ್ದಾಗ ತಂಗಿ ಲೂರ್ದಮ್ಮ ಭಾನುವಾರ ಭಾನುವಾರ ಬಂದು, "ಚೌರಪ್ಪ ಬಾವ ನಿಂಗೇ ಕಾಯ್ತಾವ್ರೆ ಕಣಕ್ಕ" ಅಂತಿದ್ಲು. ಆರೋಗ್ಯಮ್ಮಂಗೆ ಮದ್ವೆಗೆ ಅಂತ ಗೊತ್ತಾಗಿದ್ದ ಗಂಡು ಅವ್ನು. ವಾಸಿಯಾಗಿ ತನ್ನೂರು ಗಂಜಾಂಗೆ ಬಂದ್ರೆ, ಅವ್ನು ಲೂರ್ದಮ್ಮನ ಗಂಡ ಆಗ್ಬುಟ್ಟಿದ್ದ. ಅವ್ವ ಅತ್ತು ಕರೆದಿದ್ದಕ್ಕೆ ಜ್ಞಾನತಾಯಿ ಆಗೋಕೆ ಒಪ್ಪಿದ್ಲು. ತನ್ನ ಪೆಟ್ಟಿಗೆಲಿದ್ದ ಆ ಸೀರೆನೂ ಹೋಗೈತೆ ಅಂತ ಗೊತ್ತಾಗಿದ್ದು ಈಗ್ಲೇ.

"ಹೇಳಕ್ಕ, ಮಗು ಏನ್ ಮಾಡೈತೆ ನಿಂಗೆ?" ಲೂರ್ದಮ್ಮ ಪಿಸುಗುಟ್ಟಿದ್ಲು.

"ಸೀರೆಗೆ ಕತ್ರಿ ಹಾಕುವಾಗ್ಲಾದ್ರೂ ಒಂದ್ ಮಾತು ಕೇಳ್ಬೋದಿತ್ತಲ್ವೇನೇ?"

ಆರೋಗ್ಯಮ್ಮ ಶಿಲುಬೆ ಅಂಚನ್ನ ಎಳ್ದು, ಹೊರಗೆ ಬಂದಿದ್ದ ಮಗು ಪಾದ ಮುಚ್ಚಿದ್ಲು.

"ನಂಬ್ತೀನಿ ಫಾದರ್" ಅಂದ್ಲು. ಆಮೇಲೆ ತಂಗಿ ಕಡೆ ತಿರುಗಿ, ಮೆಲ್ಲಗೆ, "ಇದು ಮಗೂದು ಉತ್ರ ಕಣೇ. ನಂದು ನಾನಿನ್ನೂ ಹೇಳಿಲ್ಲ" ಅಂದ್ಲು.