ಬಾಲ ಹಿಡಿದವನು

ತನ್ನನ್ನು ನೋಡಲು ಬಂದ ಹುಡುಗನನ್ನು ಅವಳು ಮನೆಗೆ ಕರೆಯಲಿಲ್ಲ. ಫ್ಲೈಯಿಂಗ್ ಕ್ಲಬ್ಬಿನ ಶೆಡ್ಡಿಗೆ ಕರೆದಳು. ಅಲ್ಲಿ ಅವಳ ತಾತನ ಕಾಲದ ಪುಟ್ಟ ವಿಮಾನವಿತ್ತು.

"ಉಪ್ಪಿಟ್ಟು, ಕೇಸರಿಬಾತು ಎಲ್ಲ ಆಮೇಲೆ. ಇದನ್ನ ಕೈಯಲ್ಲೇ ಸ್ಟಾರ್ಟ್ ಮಾಡಬೇಕು. ನಾನು ಮುಂದೆ ನಿಂತು ಫ್ಯಾನ್ ತಿರುಗಿಸ್ತೀನಿ, ನೀವು ಹಿಂದೆ ಬಾಲ ಹಿಡ್ಕೊಂಡು ನಿಲ್ಲಿ."

"ಪಾರ್ಕಿಂಗ್ ಬ್ರೇಕ್ ಇಲ್ವಾ?"

"ಆ ಕಾಲದಲ್ಲಿ ಅದನ್ನೆಲ್ಲ ಎಲ್ಲಿ ಕೊಡ್ತಿದ್ರು? ನೀವು ಕೈ ಬಿಟ್ರೆ ಇದು ನನ್ನ ಮೇಲೇ ಬರುತ್ತೆ."

ಈ ಮೊದಲು ಅವಳನ್ನು ನೋಡಲು ಬಂದಿದ್ದ ಇಬ್ಬರಲ್ಲಿ ಒಬ್ಬ ಎಂಜಿನ್ ಗುಡುಗಿದ ಕೂಡಲೇ ಬಾಲ ಬಿಟ್ಟು ಓಡಿದ್ದ. ಇನ್ನೊಬ್ಬ ಇಸ್ತ್ರಿ ಮಾಡಿದ ಅಂಗಿ ಕೊಳೆಯಾಗುತ್ತದೆಂದು ಮುಟ್ಟಿಯೇ ಇರಲಿಲ್ಲ.

ಅವಳು ವಿಮಾನದೊಳಗೆ ಬಗ್ಗಿ ಸ್ವಿಚ್ಚು ಹಾಕುವಾಗ ಇವನು ಪಕ್ಕದಲ್ಲೇ ನಿಂತಿದ್ದ. ಆಮೇಲೆ ಅಂಗಿಯ ತೋಳು ಮಡಚಿಕೊಂಡು ಹಿಂದೆ ಹೋಗಿ ಬಾಲ ಹಿಡಿದ. ಎಂಜಿನ್ ಗುಡುಗಿತು. ಧೂಳೆದ್ದು ಅವನ ತಲೆ, ಮೀಸೆ, ಅಂಗಿ ಎಲ್ಲ ಕೆಂಪಾಯಿತು. ಅವನು ಅಲುಗಾಡಲಿಲ್ಲ.

ಎಂಜಿನ್ ನಿಲ್ಲಿಸಿ ಅವಳು ಓಡಿ ಬಂದಳು. ಮುಖದ ತುಂಬ ನಗು.

"ನನಗೆ ಒಪ್ಪಿಗೆ. ಆದ್ರೆ ಒಂದು ಸುಳ್ಳು ಹೇಳಿದ್ದೆ, ಬೇಜಾರು ಮಾಡ್ಕೋಬೇಡಿ. ಕಂಪನಿಯವರು ಕೊಡದೇ ಇದ್ರೂ ತಾತ ಆಮೇಲೆ ಇದಕ್ಕೆ ಬ್ರೇಕ್ ಹಾಕಿಸಿದ್ರು. ಸ್ವಿಚ್ಚು ಹಾಕೋವಾಗ್ಲೇ ನಾನು ಅದನ್ನ ಎಳೆದಿದ್ದೆ."

ಅವನು ಮೀಸೆಯ ಧೂಳು ಒರೆಸಿಕೊಂಡ.

"ನೀವು ಅದನ್ನ ಎಳೆದದ್ದು ನೋಡಿದ ಮೇಲೇ ಕಣ್ರೀ ನಾನು ಬಾಲ ಹಿಡಿದದ್ದು."