ಕೂದಲೆಳೆಯಷ್ಟು

ಚಿಕ್ಕಂದಿನಲ್ಲಿ ವರ್ನಾ ಅಪ್ಪನ ಕೋಟಿಗೆ ಮುಖ ಒತ್ತಿದಾಗ ಬರುತ್ತಿದ್ದ ಪೆಟ್ರೋಲಿನ ವಾಸನೆಯೇ ತೆರೆದ ಬಾನೆಟ್ಟಿನಿಂದ ಬರುತ್ತಿತ್ತು. ಆದರೆ ಎಂಜಿನ್ ಮೂರನೇ ಸಲವೂ ಕೆಮ್ಮಿ ನಿಂತುಹೋಯಿತು. ಅಪ್ಪನ ಅರವತ್ತೆಂಟನೇ ಇಸವಿಯ ಕಾರಿನ ಬಲ ಹೆಚ್ಚಿಸಲು ದೊಡ್ಡ ಕಾರ್ಬುರೇಟರ್, ಹೊಸ ಕ್ಯಾಮ್‌ಶಾಫ್ಟ್ ಹಾಕಿದವಳು ಅವಳೇ. ಹಳೆಯದನ್ನು ಮುಟ್ಟಬೇಡ ಎಂದಿದ್ದ ಅಪ್ಪ ಕ್ಲೀಟಸ್ ಮೂರು ವಾರದಿಂದ ಅವಳ ಜೊತೆ ಮಾತು ಬಿಟ್ಟಿದ್ದರು.

ಊಟದ ಡಬ್ಬಿ ಹಿಡಿದು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಅವರು ಕೊನೆಗೂ ಬಾಯಿ ತೆರೆದರು. "ಕಾರಿನ ಪುಸ್ತಕದಲ್ಲಿರೋ ಗುರುತಿಗೇ ಕಿಡಿ ಹೊಂದಿಸಿದ್ದೀಯೇನೇ, ಜಾಣೆ? ಅದು ಹಳೇ ಕ್ಯಾಮಿನ ಲೆಕ್ಕ. ಹೊಸದಕ್ಕೆ ಕಿಡಿ ಇನ್ನೂ ಮುಂಚೆ ಹತ್ತಬೇಕು."

"ನೀನೇ ಮಾಡಪ್ಪ."

"ಈ ನಡುಗೋ ಕೈಲಾ? ನೀನು ತಿರುಗಿಸು, ನಾನು ಕೇಳ್ತೀನಿ."

ಎಂಜಿನ್ ಮತ್ತೆ ಕೆಮ್ಮುತ್ತ ಚಾಲೂ ಆಯಿತು. ಅಪ್ಪ ಕಣ್ಣು ಮುಚ್ಚಿದರು. ವರ್ನಾ ಕಿಡಿಯ ಹೊತ್ತು ನಿಗದಿಮಾಡುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿದಳು. "ಇನ್ನೂ... ಇನ್ನೂ ಚೂರು... ಸಾಕು!" ಕೆಮ್ಮು ಅಡಗಿ ಗುಡುಗು ಎದ್ದಿತು, ಗೋಡೆಗೆ ತೂಗುಹಾಕಿದ್ದ ಸ್ಪ್ಯಾನರುಗಳೆಲ್ಲ ಝಣಗುಟ್ಟಿದವು.

"ಇಷ್ಟು ವರ್ಷ ಇದರ ಹೊಟ್ಟೇಲಿ ಇಂಥದ್ದು ಅಡಗಿತ್ತಾ!" ಎಂದರು ಅಪ್ಪ, ಬೆರಗಾಗಿ. ಆಮೇಲೆ ಡಬ್ಬಿ ತೆರೆದು, ಹ್ಯಾಮ್ ಸ್ಯಾಂಡ್‌ವಿಚ್ಚಿನ ದೊಡ್ಡ ತುಂಡನ್ನು ಅವಳತ್ತ ಚಾಚಿದರು.